ರೊಟ್ಟಿಯಿಂದ ಶೀಸೆಯವರೆಗೆ: ಒಂದು ಜೀವಸತ್ವದ ಕಥೆ



ಹಾಡು, ಸಿನಿಮಾ, ಊರ ಜಾತ್ರೆ ಎಂದು ಈ ಪುಟ ತುಂಬಿಸುತ್ತಿದ್ದವಳು ಈ ಸಲ ಔಷಧಿ ಅಂಗಡಿಯ ಕಪಾಟಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಒಂದು ಫೋನ್ ಕರೆ.

ಬುಧವಾರ ರಾತ್ರಿಯ ಮೆಚ್ಚಿನ ಹಾಡಿನ ಕಾರ್ಯಕ್ರಮ ನಡೆಯುತ್ತಿತ್ತು. ನಮ್ಮ ಹೈದರಾಬಾದಿನವರೇ ಆದ, ಮೂಲತಃ ಬೀದರ ಕಡೆಯ ಹಿರಿಯರೊಬ್ಬರು ಲೈನಿಗೆ ಬಂದರು. "ಯವ್ವಾ, ಹಾಡು ಆಮ್ಯಾಲ ಹಾಕವಂತಿ, ಮೊದಲ ಒಂದು ಮಾತು ಕೇಳ್ತೀನಿ" ಅಂದರು. "ನಮ್ಮ ಹುಡುಗ ಅಮೆರಿಕದಿಂದ ಒಂದು ಶೀಸೆ ಕಳಿಸ್ಯಾನ. ಜೀವಕೋಶಕ್ಕ ಶಕ್ತಿ ಬರ್ತದ, ಮುಪ್ಪು ಹಿಂದ ಸರೀತದ ಅಂತ ಹೇಳ್ಯಾನ. ನಮ್ಮ ಮನೀಯಾಕಿಗೆ ಈಗ ಎರಡು ವರ್ಷದಿಂದ ಮರವು ಭಾಳ ಆಗ್ಯಾದ. ಒಲಿ ಮ್ಯಾಲ ಹಾಲಿಟ್ಟು ಮರೀತಾಳ, ಒಮ್ಮೊಮ್ಮೆ ನನ್ನ ಹೆಸರೂ ಮರೀತಾಳ. ಇದು ಕೊಟ್ರ ನೆನಪು ಬರ್ತದೇನು?"

ನೇರ ಪ್ರಸಾರ. ಗಾಜಿನಾಚೆ ನನ್ನ ಸಹೋದ್ಯೋಗಿ ಗಡಿಯಾರ ತೋರಿಸುತ್ತಿದ್ದಾರೆ. "ಕಾಕಾ, ಅದನ್ನ ಡಾಕ್ಟರ್ ಹತ್ರ ಕೇಳಬೇಕ್ರಿ" ಎಂದು ನಕ್ಕು ಹಾಡು ಹಾಕಿಬಿಟ್ಟೆ. ಹೇಳಿದ್ದು ತಪ್ಪೇನಲ್ಲ. ಆದರೆ ಆ ನಗು ನನಗೇ ಇಷ್ಟವಾಗಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವರ ಪ್ರಶ್ನೆಯೇ ಕಿವಿಯಲ್ಲಿ.

ಬಿ.ಎ.ಯಲ್ಲಿ ಕನ್ನಡ ಓದಿದವಳು ನಾನು. ರಸಾಯನಶಾಸ್ತ್ರವೆಂದರೆ ಇಂದಿಗೂ ತುಸು ದಿಗಿಲು. ಆದರೂ ಆ ಶೀಸೆಯೊಳಗೆ ಏನಿದೆ, ಅದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಹೋದಲ್ಲೆಲ್ಲ ಸಿಕ್ಕಿದ್ದು ರೊಟ್ಟಿ! ಮೊದಲು ಸ್ಪೇನಿನ ಬಡವರ ರೊಟ್ಟಿ, ಆಮೇಲೆ ಅಮೆರಿಕದ ಹತ್ತಿ ಹೊಲದವರ ರೊಟ್ಟಿ, ಕೊನೆಗೆ ನಮ್ಮದೇ ಜೋಳದ ರೊಟ್ಟಿ.

ಸಪ್ಲಿಮೆಂಟ್ ಎಂದರೆ ಸಾವಿರ ಬಗೆ. ನಾನಿಲ್ಲಿ ಹೇಳುವುದು ಒಂದೇ ಕುಟುಂಬದ ಬಗ್ಗೆ. ಎನ್‌ಎಂಎನ್, ನಿಕೋಟಿನಮೈಡ್ ರೈಬೊಸೈಡ್ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಈ ಗುಳಿಗೆಗಳೆಲ್ಲ ನಿಯಾಸಿನ್, ಅಂದರೆ ಬಿ3 ಜೀವಸತ್ವದ ದಾಯಾದಿಗಳು. ದೇಹದಲ್ಲಿ ಇವೆಲ್ಲ ಕೊನೆಗೆ ಎನ್‌ಎಡಿ ಎಂಬ ಒಂದು ವಸ್ತುವಾಗುತ್ತವೆ. ಅದರ ಕೆಲಸವೇನು? ಮುಂಬೈಯ ನಮ್ಮ ಕೇಳುಗರಿಗೆ ಹೇಳುವುದು ಸುಲಭ. ನಿಮ್ಮ ಡಬ್ಬಾವಾಲಾಗಳನ್ನು ನೆನೆಸಿಕೊಳ್ಳಿ. ಮನೆಯಿಂದ ತುಂಬಿದ ಡಬ್ಬಿ ಒಯ್ದು ಆಫೀಸಿಗೆ ಮುಟ್ಟಿಸಿ, ಖಾಲಿ ಡಬ್ಬಿ ಹಿಡಿದು ವಾಪಸು ಬರುತ್ತಾರಲ್ಲ, ಹಾಗೆ. ನಾವು ತಿಂದ ಅನ್ನ ಒಡೆದಾಗ ಸಿಗುವ ಎಲೆಕ್ಟ್ರಾನುಗಳನ್ನು ಎನ್‌ಎಡಿ ಹೊತ್ತು ಜೀವಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ಮುಟ್ಟಿಸುತ್ತದೆ, ಮತ್ತೆ ಖಾಲಿಯಾಗಿ ಬರುತ್ತದೆ. ಮೈಟೊಕಾಂಡ್ರಿಯ ಆ ಎಲೆಕ್ಟ್ರಾನುಗಳಿಂದ ಎಟಿಪಿ ಎಂಬ ಶಕ್ತಿವಸ್ತುವನ್ನು ತಯಾರಿಸುತ್ತದೆ. ನೀವು ಈ ಪುಟ ತಿರುಗಿಸುವುದೂ ಅದರಿಂದಲೇ, ನಾನು ಮೈಕಿನ ಮುಂದೆ ಮಾತಾಡುವುದೂ ಅದರಿಂದಲೇ. ಡಬ್ಬಾವಾಲಾಗಳೇ ಮುಷ್ಕರ ಹೂಡಿದರೆ? ಮನೆಯಲ್ಲಿ ಅಡುಗೆ ಆಗಿದ್ದರೂ ಆಫೀಸಿನಲ್ಲಿ ಹಸಿವು! ಇತಿಹಾಸದಲ್ಲಿ ಅಂಥ ಮುಷ್ಕರ ನಿಜಕ್ಕೂ ನಡೆದಿದೆ. ಅದರ ಹೆಸರು ಪೆಲ್ಲಾಗ್ರ.

1735ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತದಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಬಡ ರೈತರಲ್ಲಿ ಒಂದು ವಿಚಿತ್ರ ರೋಗ ಕಂಡ. ಬಿಸಿಲು ತಾಗುವ ಕಡೆಯೆಲ್ಲ ಚರ್ಮ ಕೆಂಪಾಗಿ, ಕಪ್ಪಾಗಿ, ಸುಲಿದು ಬರುತ್ತಿತ್ತು. ಕೊರಳಿನ ಸುತ್ತ ಸರ ಹಾಕಿದಂತೆ ಪಟ್ಟೆ. ಇಂದಿಗೂ ವೈದ್ಯರು ಅದನ್ನು ಕಸಾಲನ ಸರ ಎಂದೇ ಕರೆಯುತ್ತಾರೆ. ಚರ್ಮದ ಬೆನ್ನಿಗೆ ಭೇದಿ, ಭೇದಿಯ ಬೆನ್ನಿಗೆ ಬುದ್ಧಿಭ್ರಮಣೆ, ಕೊನೆಗೆ ಸಾವು. 1771ರಲ್ಲಿ ಇಟಲಿಯ ಫ್ರಾಪೊಲ್ಲಿ ಈ ರೋಗವನ್ನು ಪೆಲ್ಲಾಗ್ರ ಎಂದು ಬರೆದ. ಅಲ್ಲಿನ ಮಾತಿನಲ್ಲಿ ಒರಟು ಚರ್ಮ ಎಂದರ್ಥ. ರೋಗಿಗಳೆಲ್ಲ ಮುಸುಕಿನ ಜೋಳವನ್ನೇ ನೆಚ್ಚಿದ ಬಡವರು.

ಇಲ್ಲೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಮುಸುಕಿನ ಜೋಳದ ತವರು ಮೆಕ್ಸಿಕೊ. ಅಲ್ಲಿಯವರು ಸಾವಿರಾರು ವರ್ಷ ಅದನ್ನೇ ತಿಂದರೂ ಅವರಿಗೆ ಪೆಲ್ಲಾಗ್ರ ಬರಲಿಲ್ಲ. ಯಾಕೆಂದರೆ ಅಲ್ಲಿನ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ತೊಳೆದು ಅರೆಯುತ್ತಿದ್ದರು. ಆ ಸುಣ್ಣ ಕಾಳಿನೊಳಗೆ ಬಿಗಿದುಕೊಂಡ ನಿಯಾಸಿನ್ನನ್ನು ಬಿಡಿಸಿಕೊಡುತ್ತದೆ. ಯುರೋಪಿನವರು ಹಡಗಿನಲ್ಲಿ ಕಾಳು ತಂದರು, ಸುಣ್ಣದ ಪದ್ಧತಿಯನ್ನು ಅಲ್ಲೇ ಬಿಟ್ಟು ಬಂದರು. ಅಡುಗೆಮನೆಯ ಮಾತನ್ನು ಕೇಳುವ ವ್ಯವಧಾನ ಅವರಿಗೆಲ್ಲಿತ್ತು? ಇನ್ನೂರು ವರ್ಷದ ಸಾವುಗಳ ಹಿಂದೆ ಇಷ್ಟೇ ಇತ್ತು ನೋಡಿ, ಕೇಳದೆ ಬಿಟ್ಟ ಒಂದು ಅಡುಗೆ ವಿಧಾನ.

ಮುಂದೆ ಇದೇ ರೋಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಾರಿಯ ಹಾಗೆ ಹಬ್ಬಿತು. 20ನೇ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಲ್ಲಿ 30 ಲಕ್ಷ ಮಂದಿಗೆ ಪೆಲ್ಲಾಗ್ರ ತಗುಲಿ, ಒಂದು ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಸೋಂಕಿನಿಂದ ಬರುತ್ತದೆಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಕಳಿಸಿತು. ಹಂಗೇರಿಯಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗ, ನ್ಯೂಯಾರ್ಕಿನಲ್ಲಿ ಬೆಳೆದವನು. ಅನಾಥಾಲಯಗಳಿಗೆ, ಹುಚ್ಚಾಸ್ಪತ್ರೆಗಳಿಗೆ ಹೋಗಿ ಆತ ಗಮನಿಸಿದ್ದು ಒಂದೇ ಸಂಗತಿ. ಒಳಗಿದ್ದವರಿಗೆ ರೋಗ ಬರುತ್ತದೆ, ಅವರನ್ನು ನೋಡಿಕೊಳ್ಳುವ ದಾದಿಯರಿಗೆ ಬರುವುದಿಲ್ಲ! ಸೋಂಕಾದರೆ ಅದು ಆಳು, ಅಧಿಕಾರಿ ಎಂದು ಮುಖ ನೋಡಿ ಹತ್ತುವುದುಂಟೇ?

ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದ. ರೋಗ ಮಾಯ. 1915ರಲ್ಲಿ ಮಿಸಿಸಿಪಿಯ ಒಂದು ಜೈಲಿನಲ್ಲಿ ಇದರ ಉಲ್ಟಾ ಪ್ರಯೋಗ ಮಾಡಿದ. ಬಿಡುಗಡೆಯ ಭರವಸೆಯ ಮೇಲೆ ಒಪ್ಪಿಕೊಂಡ ಆರೋಗ್ಯವಂತ ಕೈದಿಗಳಿಗೆ ತಿಂಗಳುಗಟ್ಟಲೆ ಬಡವರ ಊಟ, ಅಂದರೆ ಮುಸುಕಿನ ಜೋಳದ ಗಂಜಿ, ಮೈದಾದ ಬಿಸ್ಕತ್ತು, ಕಾಕಂಬಿ. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲ್ಲಾಗ್ರ ಕಾಣಿಸಿಕೊಂಡಿತು. (ಇಂದಿನ ನೀತಿಯಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು. ಕೊಡಲೂಬಾರದು.) ಅಷ್ಟಾದರೂ ನಂಬದವರಿದ್ದರು. 1916ರಲ್ಲಿ ಗೋಲ್ಡ್‌ಬರ್ಗರ್, ಅವನ ಹೆಂಡತಿ ಮೇರಿ ಮತ್ತು ಕೆಲವು ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಗಂಡಸರು ರೋಗಿಗಳ ಮಲಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ನುಂಗಿದ್ದೂ ಉಂಟು. ಊಟದ ಹೊತ್ತಿಗೆ ಇದನ್ನು ಓದುತ್ತಿದ್ದರೆ ಕ್ಷಮಿಸಿ. ಯಾರಿಗೂ ಪೆಲ್ಲಾಗ್ರ ಬರಲಿಲ್ಲ.

ಅಲ್ಲಿಗೂ ನಿಲ್ಲದೆ, ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನ ಜೊತೆ ಸೌತ್ ಕ್ಯಾರೊಲಿನಾದ ಬಟ್ಟೆ ಗಿರಣಿ ಊರುಗಳಲ್ಲಿ ಮನೆಮನೆ ಲೆಕ್ಕ ಹಾಕಿದ. ಆದಾಯ ಇಳಿದಂತೆ ರೋಗ ಏರುತ್ತಿತ್ತು. ಹೊಲದ ಅಂಚಿನವರೆಗೂ ಹತ್ತಿ ಬೆಳೆದು, ಹಸು ಕಟ್ಟಲು, ತರಕಾರಿ ಹಾಕಲು ಒಂದು ಗೇಣು ನೆಲ ಬಿಡದ ವ್ಯವಸ್ಥೆಯೇ ರೋಗದ ಬೇರು ಎಂದು ಅವರ ಲೆಕ್ಕ ಹೇಳುತ್ತಿತ್ತು. ಕೇಳುವವರಿಗೆ ಅದು ಹಿತವಾಗಲಿಲ್ಲ. ತಿಂದರೆ ಗುಣವಾಗುವ ಆ ಒಂದು ಅಂಶ ಯಾವುದೆಂದು ತಿಳಿಯುವ ಮುಂಚೆಯೇ, 1929ರ ಜನವರಿಯಲ್ಲಿ ಗೋಲ್ಡ್‌ಬರ್ಗರ್ ಕ್ಯಾನ್ಸರಿನಿಂದ ತೀರಿಕೊಂಡ.

1929! ಈ ವರ್ಷವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ ವರ್ಷದ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಆರ್ಥರ್ ಹಾರ್ಡನ್ ಮತ್ತು ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಎಂಬಿಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಹಾರ್ಡನ್ ಮತ್ತು ಯಂಗ್ 1906ರಲ್ಲಿ ಲಂಡನ್ನಿನಲ್ಲಿ ಯೀಸ್ಟಿನ ರಸವನ್ನು ಸೋಸಿ ಎರಡು ಭಾಗ ಮಾಡಿದ್ದರು. ಬೇರೆಬೇರೆ ಇಟ್ಟರೆ ಎರಡೂ ನಿಷ್ಪ್ರಯೋಜಕ. ಕೂಡಿಸಿದರೆ ಸಕ್ಕರೆ ಹುದುಗಲು ಶುರು. ಕುದಿಸಿದರೂ ಕೆಡದ ಯಾವುದೋ ಸಣ್ಣ ವಸ್ತು ಸೋಸಿದ ನೀರಿನಲ್ಲಿತ್ತು. ಅದೇ ನಮ್ಮ ಡಬ್ಬಾವಾಲಾ, ಎನ್‌ಎಡಿ. ಅದರ ಸ್ವರೂಪವನ್ನು ಬಿಡಿಸಲು ವರ್ಷಾನುಗಟ್ಟಲೆ ಕೂತವರು ಆಯ್ಲರ್.

ಇನ್ನು ಅದೇ 1929ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ನಮ್ಮ ಕಡೆಯವರೊಬ್ಬರು ಎಟಿಪಿಯನ್ನು ಕಂಡುಹಿಡಿದರು. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಚೆನ್ನೈ ಕೇಳುಗರೆ, ಇವರು ನಿಮ್ಮ ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟು ಬಂದರು ಎಂಬ ಕಾರಣಕ್ಕೆ ಬಿಳಿಯ ಪ್ರೊಫೆಸರರ ಸಿಟ್ಟಿಗೆ ಗುರಿಯಾಗಿ ಎಂ.ಬಿ.ಬಿ.ಎಸ್. ತಪ್ಪಿ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ದೊರೆಯಿತು. ಇಬ್ಬರು ಸೋದರರನ್ನು ಸ್ಪ್ರೂ ಎಂಬ ಕರುಳಿನ ರೋಗ ಬಲಿ ತೆಗೆದುಕೊಂಡಿತ್ತು. ಅಂಥ ಮನುಷ್ಯ ಹಾರ್ವರ್ಡಿಗೆ ಹೋಗಿ, ಸೈರಸ್ ಫಿಸ್ಕ್ ಜೊತೆ ಸ್ನಾಯುವಿನ ರಂಜಕದ ಲೆಕ್ಕ ಹಿಡಿಯುತ್ತ ಹಿಡಿಯುತ್ತ ಎಟಿಪಿಯವರೆಗೆ ಬಂದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದೇ ವರ್ಷ, ಸ್ವತಂತ್ರವಾಗಿ, ಅದನ್ನೇ ಕಂಡ. ಇಂದು ಜಗತ್ತಿನ ಯಾವ ಶಾಲೆಯ ಜೀವಶಾಸ್ತ್ರದ ಪುಸ್ತಕ ತೆರೆದರೂ ಎಟಿಪಿ ಇದೆ, ಸುಬ್ಬರಾವ್ ಹೆಸರು ಎಷ್ಟು ಪುಸ್ತಕಗಳಲ್ಲಿದೆಯೋ ಕಾಣೆ. ಮುಂದೆ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸೋದರರನ್ನು ಕೊಂದ ಆ ಸ್ಪ್ರೂ ರೋಗಕ್ಕೇ ಅದು ಮದ್ದಾಯಿತು. 1948ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಸುಬ್ಬರಾವ್‌ಗೆ ಬರೇ 53 ವರ್ಷ. ಭಾರತದ ಅಂಚೆ ಇಲಾಖೆ 1995ರಲ್ಲಿ ಅವರ ಅಂಚೆಚೀಟಿ ತಂದಿತು.

ಒಂದೇ ವರ್ಷ. ಒಬ್ಬನ ಸಾವು, ಇಬ್ಬರಿಗೆ ನೊಬೆಲ್, ಇನ್ನೊಬ್ಬರಿಗೆ ಎಟಿಪಿ. ಬಡವರ ಕೊರಳಿನ ಕಪ್ಪು ಸರ, ಲಂಡನ್ನಿನ ಯೀಸ್ಟ್ ರಸ, ಬಾಸ್ಟನ್ನಿನ ಸ್ನಾಯುವಿನ ತುಣುಕು ಇವು ಮೂರೂ ಒಂದೇ ದಾರಕ್ಕೆ ಪೋಣಿಸಿದವು ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಲು ಇನ್ನೆಂಟು ವರ್ಷ ಬೇಕಾಯಿತು. 1936ರಲ್ಲಿ ಬರ್ಲಿನ್ನಿನ ಓಟೊ ವಾರ್‌ಬರ್ಗ್ ಈ ಡಬ್ಬಾವಾಲಾನ ಕೈಗಳನ್ನು, ಅಂದರೆ ಎಲೆಕ್ಟ್ರಾನು ಹಿಡಿಯುವ ಭಾಗವನ್ನು, ಪತ್ತೆ ಮಾಡಿದ. ಅದು ನಿಕೋಟಿನಮೈಡ್ ಆಗಿತ್ತು. ಮರುವರ್ಷ ವಿಸ್ಕಾನ್ಸಿನ್ನಿನ ಕಾನ್ರಾಡ್ ಎಲ್ವೆಯೆಮ್ ಪೆಲ್ಲಾಗ್ರದಂಥದ್ದೇ ರೋಗದಿಂದ ನಾಲಿಗೆ ಕಪ್ಪಾಗಿ ಸಾಯುತ್ತಿದ್ದ ನಾಯಿಗೆ ನಿಕೋಟಿನಿಕ್ ಆಮ್ಲ ಕೊಟ್ಟ. ನಾಯಿ ಎದ್ದು ಓಡಾಡಿತು. ತಮಾಷೆ ಏನು ಗೊತ್ತೇ? ಈ ಆಮ್ಲವನ್ನು ಹೊಗೆಸೊಪ್ಪಿನ ನಿಕೋಟಿನ್‌ನಿಂದ 1867ರಲ್ಲೇ ತಯಾರಿಸಿದ್ದರು. ಎಪ್ಪತ್ತು ವರ್ಷ ಪ್ರಯೋಗಾಲಯದ ಶೆಲ್ಫಿನ ಮೇಲೆ ಧೂಳು ತಿನ್ನುತ್ತ ಕೂತಿತ್ತು, ಕೆಳಗೆ ಜನ ಸಾಯುತ್ತಿದ್ದರು. ಹಿಟ್ಟಿಗೆ ಇದನ್ನು ಬೆರೆಸಲು ಹೊರಟಾಗ ಜನ ರೊಟ್ಟಿಯಲ್ಲಿ ತಂಬಾಕು ಹಾಕುತ್ತಾರೆಂದು ಹೆದರಿಯಾರು ಎಂದು 1942ರ ಸುಮಾರಿಗೆ ನಿಯಾಸಿನ್ ಎಂಬ ಹೊಸ ಹೆಸರಿಟ್ಟರು.

ನಾಯಿಯ ಬೆನ್ನಿಗೇ ಮನುಷ್ಯರಿಗೂ ಕೊಟ್ಟು ನೋಡಿದರು. ತಮ್ಮವರನ್ನೇ ಗುರುತಿಸದೆ ಆಸ್ಪತ್ರೆಯಲ್ಲಿ ಬಿದ್ದಿದ್ದ ಪೆಲ್ಲಾಗ್ರ ರೋಗಿಗಳು ಕೆಲವೇ ದಿನಗಳಲ್ಲಿ ಸರಿಯಾಗಿ ಮಾತಾಡತೊಡಗಿದರು. ಇದನ್ನು ಓದುವಾಗ ನನಗೆ ಕಾಕಾ ನೆನಪಾದರು. ಹೋದ ಬುದ್ಧಿ ಅಗ್ಗದ ಒಂದು ಪುಡಿಯಿಂದ ವಾರದೊಳಗೆ ವಾಪಸು ಬಂದದ್ದು ಕಟ್ಟುಕಥೆಯಲ್ಲ. ಅವರ ಮಗ ಕಳಿಸಿದ ಶೀಸೆಯ ವಂಶದಲ್ಲೇ ಅಂಥದೊಂದು ನಡೆದಿದೆ. ಆದರೆ ಆ ರೋಗಿಗಳಲ್ಲಿ ನಿಯಾಸಿನ್ ಬರಿದಾಗಿತ್ತು, ಬರಿದಾದದ್ದನ್ನು ತುಂಬಿಸಿದರು. ಈ ಒಂದು ಮಾತನ್ನು ಇಲ್ಲೇ ಇಟ್ಟುಕೊಂಡು, ನಮ್ಮ ಊರಿಗೆ ಬರೋಣ.

ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ, ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಬಸ್ಸಿನಲ್ಲಿ ಅದರ ಮುಂದೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಒಳಗೆ ಏನು ನಡೆದಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದೇ ಕೋಣೆಯಲ್ಲಿ ಶುರು ಮಾಡಿದ ಸಂಶೋಧನಾಲಯ ಇದು. 1958ರಲ್ಲಿ ಹೈದರಾಬಾದಿಗೆ ಬಂತು, 1969ರಲ್ಲಿ ಈಗಿನ ಹೆಸರು ಪಡೆಯಿತು. ಅದನ್ನು ಇಲ್ಲಿ ಬೆಳೆಸಿದವರು ಡಾ. ಸಿ. ಗೋಪಾಲನ್. ಸೇಲಂನಲ್ಲಿ 1918ರಲ್ಲಿ ಹುಟ್ಟಿ, 2019ರಲ್ಲಿ ನೂರು ತುಂಬಿಸಿ ತೀರಿಕೊಂಡವರು.

ಗೋಪಾಲನ್ ಇಲ್ಲಿಗೆ ಬಂದಾಗ ಆಸ್ಪತ್ರೆಗಳಲ್ಲಿ ಕಂಡದ್ದು ಪೆಲ್ಲಾಗ್ರ! ಪುಸ್ತಕದ ಪ್ರಕಾರ ಇದು ಮುಸುಕಿನ ಜೋಳ ತಿನ್ನುವವರ ರೋಗ. ಇಲ್ಲಿಯ ರೋಗಿಗಳೋ ನಮ್ಮ ಬಿಳಿಜೋಳ ತಿನ್ನುವ ದಖ್ಖನದ ಬಡ ಕೂಲಿಗಳು. ಬೀದರ, ಕಲಬುರಗಿ, ರಾಯಚೂರು 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಅಲ್ಲಿಯದೂ ಇಲ್ಲಿಯದೂ ಒಂದೇ ನೆಲ, ಒಂದೇ ರೊಟ್ಟಿ.

ಒಗಟು ಎಲ್ಲಿತ್ತೆಂದರೆ, ಜೋಳದಲ್ಲಿ ನಿಯಾಸಿನ್ ಅಕ್ಕಿಗಿಂತ ಕಡಿಮೆಯೇನಿಲ್ಲ. ದೇಹ ನಿಯಾಸಿನ್ ಆಗಿ ಮಾರ್ಪಡಿಸಿಕೊಳ್ಳುವ ಟ್ರಿಪ್ಟೊಫ್ಯಾನ್ ಕೂಡ ಮುಸುಕಿನ ಜೋಳದಷ್ಟು ಕೊರತೆಯಲ್ಲಿಲ್ಲ. ಅನ್ನ ತಿನ್ನುವ ಬಡವನಿಗೆ ಬಾರದ ರೋಗ ರೊಟ್ಟಿ ತಿನ್ನುವ ಬಡವನಿಗೆ ಯಾಕೆ? 1960ರಲ್ಲಿ ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟರು. ಎರಡೂ ಜೋಳಗಳಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಅದು ದೇಹದ ನಿಯಾಸಿನ್ ತಯಾರಿಕೆಗೆ ಅಡ್ಡ ಬರುತ್ತದೆ ಎಂದು. ಮುಂದಿನ ವರ್ಷಗಳಲ್ಲಿ ಭವಾನಿ ಬೆಳವಡಿ, ಕಮಲಾ ಕೃಷ್ಣಸ್ವಾಮಿ ಮೊದಲಾದವರು ಇದೇ ಎಳೆ ಹಿಡಿದು ದುಡಿದರು. ಲ್ಯೂಸಿನ್ ಹೆಚ್ಚು ಬೆರೆಸಿದ ಆಹಾರ ತಿಂದ ನಾಯಿಮರಿಗಳ ನಾಲಿಗೆ ಕಪ್ಪಾದದ್ದನ್ನು ಬೆಳವಡಿಯವರ ತಂಡ 1967ರಲ್ಲಿ ಪ್ರಕಟಿಸಿತು. ಹೊರದೇಶದ ಪ್ರಯೋಗಾಲಯಗಳೆಲ್ಲ ಇದನ್ನು ಒಪ್ಪಲಿಲ್ಲ, ಕೆಲವರಿಗೆ ಅದೇ ಫಲಿತಾಂಶ ಸಿಗಲಿಲ್ಲ. ವಾದ ಪೂರ್ತಿ ಮುಗಿದಿಲ್ಲ. ಆದರೆ ದೂರದ ಯುರೋಪಿನ ಪಾಠವನ್ನು ಇಲ್ಲಿ ಒಪ್ಪಿಸಿಬಿಡದೆ, ಉಸ್ಮಾನಿಯಾ ಆಸ್ಪತ್ರೆಗೆ ಬರುವ ಕೂಲಿಯ ತಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡಿದರಲ್ಲ, ಅದಕ್ಕೆ ನನ್ನ ಗೌರವ.

ತಟ್ಟೆಯಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ನಮ್ಮ ಅಜ್ಜಿ ರೊಟ್ಟಿಯ ಬುಟ್ಟಿ ಮುಂದಿಟ್ಟರೆ ಪಕ್ಕದಲ್ಲಿ ಶೇಂಗಾ ಹಿಂಡಿ ಇಲ್ಲದೆ ಇರುತ್ತಿರಲಿಲ್ಲ. ಜೊತೆಗೆ ಬೇಳೆಯೋ, ಕಾಳಿನ ಪಲ್ಯವೋ, ಮೊಸರೋ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 15ರ ಆಸುಪಾಸು. ಹೀಗಾಗಿ ಉಂಡುಟ್ಟು ಇದ್ದವರಿಗೆ ರೊಟ್ಟಿಯಿಂದ ಯಾವ ತೊಂದರೆಯೂ ಇರಲಿಲ್ಲ. ಹಿಂಡಿಗೆ ಗತಿಯಿಲ್ಲದೆ ಬರೀ ರೊಟ್ಟಿ, ಮೆಣಸಿನಕಾಯಿ, ಉಪ್ಪು ಎಂದು ವರ್ಷ ಕಳೆದವರ ಕೊರಳಿಗೆ ಆ ಸರ ಬಿದ್ದದ್ದು. ಶೇಂಗಾ ಎಂದರೆ ಸಣ್ಣ ಮಾತಲ್ಲ. 1990ರಲ್ಲಿ ಆಫ್ರಿಕದ ಮಲಾವಿಯಲ್ಲಿ ಆಶ್ರಯ ಪಡೆದಿದ್ದ ಮೊಜಾಂಬಿಕ್ ನಿರಾಶ್ರಿತರ ಪಡಿತರದಲ್ಲಿ ಶೇಂಗಾ ನಿಂತುಹೋದಾಗ ಸುಮಾರು 18 ಸಾವಿರ ಮಂದಿಗೆ ಪೆಲ್ಲಾಗ್ರ ಬಂತು.

ಇಂದು ನಮ್ಮ ನಗರಗಳಲ್ಲಿ ಜೋಳವೇ ದುಬಾರಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಪುಣೆ, ದೆಹಲಿಯ ಅಂಗಡಿಗಳಲ್ಲಿ ಜೋಳದ ಹಿಟ್ಟಿಗೆ ಬಂದ ಗತ್ತು ನೋಡಬೇಕು. ನಮ್ಮ ಹಿರಿಯರಲ್ಲಿ ಕೆಲವರು ಅದನ್ನು ಬಡತನದ ಗುರುತೆಂದು ಮುಚ್ಚಿಟ್ಟು ತಿಂದವರು! ಹಾಗೆಯೇ, ಕಾಫಿಪ್ರಿಯರಿಗೊಂದು ಸಿಹಿಸುದ್ದಿ: ಕಾಫಿ ಬೀಜ ಹುರಿಯುವಾಗ ಅದರೊಳಗಿನ ಟ್ರೈಗೊನೆಲ್ಲಿನ್ ಒಡೆದು ನಿಯಾಸಿನ್ ಆಗುತ್ತದೆ. ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲೂ ತುಸು ಸಿಗುತ್ತದೆ.

ಪೆಲ್ಲಾಗ್ರ ಈಗ ಅಪರೂಪ. ಆದರೆ ವಿಪರೀತ ಕುಡಿಯುವವರಲ್ಲಿ, ಕ್ಷಯರೋಗಕ್ಕೆ ಐಸೊನಿಯಾಜಿಡ್ ಮಾತ್ರೆ ನುಂಗುವ ಕೆಲವರಲ್ಲಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಮಾತ್ರೆ ಬಿಡಬೇಡಿ, ಚರ್ಮ ಕಪ್ಪಾದರೆ ವೈದ್ಯರಿಗೆ ತೋರಿಸಿ.

ಹಾಗಾದರೆ ಹೊಟ್ಟೆತುಂಬ ಉಣ್ಣುವವರ ಮನೆಗೆ ಈ ಶೀಸೆ ಬಂದದ್ದು ಹೇಗೆ?

2000ದಲ್ಲಿ ಅಮೆರಿಕದ ಎಂಐಟಿಯಲ್ಲಿ ಲೆನಾರ್ಡ್ ಗ್ವರೆಂಟೆಯ ತಂಡ ಒಂದು ಸುದ್ದಿ ಕೊಟ್ಟಿತು. ಯೀಸ್ಟಿನ ಆಯಸ್ಸಿಗೆ ಸಂಬಂಧಪಟ್ಟ ಸರ್2 ಎಂಬ ಪ್ರೋಟೀನಿಗೆ ಕೆಲಸ ಮಾಡಲು ಎನ್‌ಎಡಿ ಬೇಕು ಎಂದು. ಯೀಸ್ಟು, ಮತ್ತೆ ಯೀಸ್ಟು! ಹಾರ್ಡನ್ನನ ಕಾಲದಿಂದ ಈ ಕಥೆ ಆ ಹುಳಿಹಿಟ್ಟಿನ ಸಹವಾಸ ಬಿಟ್ಟಿಲ್ಲ. 2004ರಲ್ಲಿ ಚಾರ್ಲ್ಸ್ ಬ್ರೆನರ್ ಹಾಲಿನಲ್ಲೂ ಇರುವ ನಿಕೋಟಿನಮೈಡ್ ರೈಬೊಸೈಡ್ ಬಿ3ಯ ಇನ್ನೊಂದು ರೂಪವೆಂದು ತೋರಿಸಿದ. ವಯಸ್ಸಾದಂತೆ ಇಲಿಗಳಲ್ಲಿ ಎನ್‌ಎಡಿ ಇಳಿಯುತ್ತದೆ, ತುಂಬಿಸಿದರೆ ಕೆಲವು ವಿಷಯಗಳಲ್ಲಿ ಚೇತರಿಕೆ ಕಾಣುತ್ತದೆ ಎಂಬ ಪ್ರಬಂಧಗಳು ಸಾಲುಸಾಲಾಗಿ ಬಂದವು. ಪ್ರಯೋಗಾಲಯದ ಸುದ್ದಿ ಜಾಹೀರಾತಾಗಲು ಎಷ್ಟು ಹೊತ್ತು? ನಮ್ಮಂಥ ಧ್ವನಿಯವರಿಗೆ ಅದು ಚೆನ್ನಾಗಿ ಗೊತ್ತು.

ಮನುಷ್ಯರ ಮೇಲಿನ ಪ್ರಯೋಗಗಳು ಸಣ್ಣವು, ಅವುಗಳ ಮಾತೂ ಮೆಲ್ಲಗಿದೆ. 2018ರಲ್ಲಿ ಕೊಲರಾಡೊದಲ್ಲಿ 55 ದಾಟಿದ ಆರೋಗ್ಯವಂತರಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ ರೈಬೊಸೈಡ್ ಆರು ವಾರ ಕೊಟ್ಟಾಗ ರಕ್ತದ ಎನ್‌ಎಡಿ ಸುಮಾರು ಶೇ. 60 ಏರಿತು. 2021ರಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ, ಮುಟ್ಟು ನಿಂತ 25 ಮಹಿಳೆಯರ ಒಂದು ಪ್ರಯೋಗದಲ್ಲಿ ಎನ್‌ಎಂಎನ್ ತೆಗೆದುಕೊಂಡವರ ಸ್ನಾಯುಗಳು ಹತ್ತು ವಾರದಲ್ಲಿ ಇನ್ಸುಲಿನ್ನಿಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸಿದವು. ತೂಕವೇನೂ ಇಳಿಯಲಿಲ್ಲ. ಇದರಿಂದ ಮನುಷ್ಯನ ಆಯಸ್ಸು ಹೆಚ್ಚಿತು ಎಂದು ಯಾವ ಪ್ರಯೋಗವೂ ತೋರಿಸಿಲ್ಲ.

ಕಾಕಾ ಕೇಳಿದ ಪ್ರಶ್ನೆಗೆ ನೇರವಾಗಿ ತಾಗುವುದು 2024ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ. ಮರೆವು ಶುರುವಾಗಿದ್ದ ಹಿರಿಯರಿಗೆ ಹತ್ತು ವಾರ ರೈಬೊಸೈಡ್ ಕೊಟ್ಟರು. ರಕ್ತದಲ್ಲಿ ಎನ್‌ಎಡಿ ಎರಡು ಪಟ್ಟಿಗೂ ಮೀರಿ ಏರಿತು. ನೆನಪು ಮಾತ್ರ ಇದ್ದಲ್ಲೇ ಇತ್ತು. ಅದೇ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಇನ್ನೊಂದು ಎಚ್ಚರಿಕೆ ಕೊಟ್ಟರು. ನಿಯಾಸಿನ್ ಹೆಚ್ಚಾದಾಗ ದೇಹ ಅದನ್ನು ಒಡೆದು ಹೊರಹಾಕುವ ವಸ್ತುಗಳಲ್ಲಿ ಒಂದಕ್ಕೂ ಹೃದಯಾಘಾತದ ಅಪಾಯಕ್ಕೂ ನಂಟು ಕಾಣುತ್ತಿದೆ ಎಂದು. ನಂಟು ಎಂದರೆ ಕಾರಣವೆಂದೇ ಅಲ್ಲ, ನಿಜ. ಆದರೂ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಬಿಡಿ ಎನ್ನುವ ಉಡಾಫೆಗೆ ಅಷ್ಟು ಜಾಗವಿಲ್ಲ. ಕೊಲೆಸ್ಟ್ರಾಲಿಗೆಂದು ದಶಕಗಳ ಕಾಲ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದ ಇದೇ ನಿಯಾಸಿನ್, 2014ರಲ್ಲಿ ಪ್ರಕಟವಾದ 25 ಸಾವಿರಕ್ಕೂ ಮಿಕ್ಕಿದ ರೋಗಿಗಳ ಪರೀಕ್ಷೆಯಲ್ಲಿ ಹೃದಯಕ್ಕೆ ಲಾಭ ತರಲಿಲ್ಲ, ಬದಲಿಗೆ ಅಡ್ಡಪರಿಣಾಮ ತಂದಿತು.

ಮರು ಬುಧವಾರಕ್ಕೆ ಕಾಯದೆ ಕಾಕಾಗೆ ನಾನೇ ಫೋನ್ ಮಾಡಿದೆ. ಈ ಬಾರಿ ಗಾಜಿನಾಚೆ ಗಡಿಯಾರವಿರಲಿಲ್ಲ. ಪೆಲ್ಲಾಗ್ರ, ರೊಟ್ಟಿ, ಗೋಪಾಲನ್ ಎಲ್ಲ ಹೇಳಿದೆ. "ನಮ್ಮೂರಾಗ ಆ ಕಪ್ಪು ಸರ ನಾ ಸಣ್ಣಾವ ಇದ್ದಾಗ ನೋಡೀನಿ. ಬಿಸಿಲ ರೋಗ ಅಂತಿದ್ರು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರ ಇದು ಕೊಡಬ್ಯಾಡಂತಿ?"

"ಅದು ನಾ ಹೇಳೂ ಮಾತಲ್ರಿ ಕಾಕಾ. ಆದ್ರ ಇದರಿಂದ ನೆನಪು ಬರ್ತದಂತ ಇನ್ನೂ ಯಾರೂ ತೋರಿಸಿಲ್ಲ. ಥೈರಾಯ್ಡು, ಬಿ12 ಕಡಿಮಿ ಆದ್ರೂ ಮರವು ಬರ್ತದ, ಅದಕ್ಕ ಔಷಧ ಅದ. ಒಮ್ಮೆ ನರರೋಗದ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಸ್ರಿ. ಶೀಸೆನೂ ಒಯ್ದು ತೋರಸ್ರಿ."

ಎರಡು ವರ್ಷದಲ್ಲಿ ಆ ಪರೀಕ್ಷೆ ಆಗಿಯೇ ಇರಲಿಲ್ಲವಂತೆ. ವಯಸ್ಸಾಯಿತು, ಹೀಗೇ ಇರುತ್ತದೆ ಎಂದು ಮನೆಮಂದಿಯೆಲ್ಲ ಸುಮ್ಮನಿದ್ದರಂತೆ. ಮೊನ್ನೆ ಸೋಮವಾರ ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದಿದ್ದಾರೆ. ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ವರದಿ ಬಂದಿಲ್ಲ.

ಫೋನ್ ಇಡುವ ಮುನ್ನ ಅವರ ಮನೆಯವರ ಕೈಗೆ ಕೊಟ್ಟರು. ನಾನು ಯಾರೆಂದು ಆಕೆಗೆ ತಿಳಿಯಲಿಲ್ಲ. ಶೇಂಗಾ ಹಿಂಡಿ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಶೇಂಗಾ ಯಾವ ಉರಿಯಲ್ಲಿ ಹುರಿಯಬೇಕು, ಬಳ್ಳೊಳ್ಳಿ ಎಷ್ಟು, ಒಣಖಾರ ಯಾವಾಗ, ಒರಳಲ್ಲಿ ಯಾಕೆ ಕುಟ್ಟಬೇಕು, ಮಿಕ್ಸಿಯಲ್ಲಿ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ ಎನ್ನುವುದನ್ನೆಲ್ಲ ಒಂದೂ ಬಿಡದೆ ಹೇಳಿದರು. ನಾನು ಬರೆದುಕೊಂಡೆ.